ಕೊಟ್ಟಿಗೆಯ ಪಾಯ

ಶಾಂತಿಗ್ರಾಮದ ಮಂಚಯ್ಯನಿಗೆ ಪಾಯ ಅಗೆದ ಮೂರು ದಿನದ ಕೂಲಿ ಇನ್ನೂ ಬರಬೇಕು. ಕೊಡಬೇಕಾದವರು ಹೊಳೆನರಸೀಪುರದ ವೆಂಕಟರಾಮಯ್ಯ ಮೇಷ್ಟ್ರು.

ಅರವತ್ತೆರಡನೇ ಇಸವಿಯಲ್ಲಿ ಮೇಷ್ಟ್ರು ಮನೆ ಕಟ್ಟಲು ಹೊರಟದ್ದು ಮಣ್ಣು ತುಂಬಿ ಮುಚ್ಚಿದ್ದ ಹಳೆಯ ನೀರಿನ ಕಟ್ಟೆಯ ಮೇಲೆ. ಮಂಚಯ್ಯ ಹಿತ್ತಿಲ ಕೊಟ್ಟಿಗೆಯ ಜಾಗದಲ್ಲಿ ಒಂದು ಗುಂಡಿ ತೆಗೆದು, ಅದೇ ಮಣ್ಣನ್ನು ತಿರುಗಿ ತುಂಬಿದ. ಗುಂಡಿ ಇನ್ನೂ ಗೇಣುದ್ದ ಬಾಯಿ ಬಿಟ್ಟುಕೊಂಡಿತ್ತು.

"ನೆಲ ಹಸ್ಕೊಂಡದೆ ಸಾ. ಗಟ್ಟಿ ನೆಲ ಸಿಗಗಂಟ ಅಗೀಬೇಕು. ಇಲ್ದಿದ್ರೆ ಭೂಮಿ ಒಂದ್ಸಲ ಅಲ್ಲಾಡಿದ್ರೆ ಮನೇನೇ ನುಂಗ್ಬುಡ್ತದೆ."

"ಹಸಿವು ನೆಲಕ್ಕೋ, ನಿನಗೋ?" ಎಂದು ನಕ್ಕರು ಮೇಷ್ಟ್ರು.

ಮಂಚಯ್ಯ ಕೇಳಲಿಲ್ಲ, ಮೂರು ದಿನದಲ್ಲಿ ಕೊಟ್ಟಿಗೆಯ ಪಾಯವನ್ನು ಆಳುದ್ದ ಇಳಿಸಿಬಿಟ್ಟ. ಹೇಳದ ಕೆಲಸ ಮಾಡಿದೆಯೆಂದು ಮೇಷ್ಟ್ರು ಅವನ ಕೂಲಿ ಕೊಡದೆ ಓಡಿಸಿದರು. ಬೇರೆಯವರಿಂದ ಮನೆಗೆ ಮೊಳದುದ್ದ ಪಾಯ ಹಾಕಿಸಿ, ಬರೀ ಕೆಸರಲ್ಲಿ ದಪ್ಪ ಕಲ್ಲಿನ ಗೋಡೆ ಎಬ್ಬಿಸಿದರು.

ಐದು ವರ್ಷದ ಮೇಲೆ ಭೂಮಿ ಒಂದಿಷ್ಟು ನಡುಗಿತು. ಗಟ್ಟಿ ನೆಲದ ಬೀದಿಗಳಲ್ಲಿ ಪಾತ್ರೆಗಳು ಗಲಗಲ ಎಂದು ಸುಮ್ಮನಾದವು. ಮೇಷ್ಟ್ರ ಮುಂಗೋಡೆ ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಬೀದಿಗೆ ಮಲಗಿತು. ಮಂಚಯ್ಯ ಅಗೆದ ಪಾಯದ ಮೇಲೇ ಎದ್ದಿದ್ದ ಕೊಟ್ಟಿಗೆಯ ಒಂದು ಹೆಂಚೂ ಜಾರಲಿಲ್ಲ. ಸಂಸಾರವೆಲ್ಲ ಎಮ್ಮೆಯ ಪಕ್ಕಕ್ಕೆ ಬಿಡಾರ ಬದಲಾಯಿಸಿತು.

ಸುದ್ದಿ ಕೇಳಿ ಮಂಚಯ್ಯ ಬಸ್ಸು ಹತ್ತಿ ಬಂದ. "ಎಮ್ಮೆ ಬಾಡ್ಗೆ ಕೇಳ್ತಾ ಇಲ್ವಾ ಸಾ? ನಂದು ಮೂರು ದಿನದ್ದು ಕೊಟ್ಬುಡಿ."

ಮೇಷ್ಟ್ರ ಹೆಂಡತಿ ಅಂಬುಜಮ್ಮ ಸೆರಗು ಬಾಯಿಗಿಟ್ಟು ನಕ್ಕರು. "ಗೋಡೆ ಏಳಲಿ, ನೋಡೋಣ" ಎಂದರು ಮೇಷ್ಟ್ರು.

ಗೋಡೆ ಎದ್ದಿತು, ಅದೇ ಮೊಳದುದ್ದ ಪಾಯದ ಮೇಲೆ. ಕೂಲಿ ಬರಲಿಲ್ಲ.

ಮನೆ ಕಟ್ಟಿಸುವವರೇ, ಅಗೆಯುವವನು ಇನ್ನೂ ಆಳಕ್ಕೆ ಹೋಗಬೇಕು ಎಂದರೆ ಅಗೆಸಿ. ಸಂಜೆಯೊಳಗೆ ಅವನ ಕೂಲಿ ಅವನ ಕೈಗಿಡಿ.