ಉತ್ತರ ದಿಕ್ಕಿನ ಮಂಚ

ನೀವ್ ನಂಬಲ್ಲ ಬಿಡಿ. ನಮ್ ಕ್ಲಾಸಲ್ಲೂ ಯಾರೂ ನಂಬ್ಲಿಲ್ಲ. ಅವ್ರು ನಾನ್ ಹೇಳೋ ಯಾವ್ದನ್ನೂ ನಂಬಲ್ಲ, ಅದು ಬೇರೆ ವಿಷಯ.

ಮೊನ್ನೆ ಬೆಳಿಗ್ಗೆ ಉಪ್ಪಿಟ್ಟು ತಿಂತಾ ತಿಂತಾ ಅಜ್ಜಿ ಎದೆ ಹಿಡ್ಕೊಂಡು ಕೂತ್ಬಿಟ್ರು. ಅಪ್ಪ ಊರಲ್ಲಿಲ್ಲ. ಅಮ್ಮ ಟೀಚರ್ರು, ಆಗ್ಲೇ ಸ್ಕೂಲಿಗೆ ಹೋಗಿದ್ಲು. ಪಕ್ಕದ ಮನೆ ಫೋನಿಂದ ಅವಳ ಸ್ಕೂಲಿಗೆ ಹೇಳಿ, ಅಜ್ಜೀನ ಆಟೋಲಿ ಕೂರಿಸ್ಕೊಂಡು ಚಾಮರಾಜಪೇಟೆ ನರ್ಸಿಂಗ್ ಹೋಮಿಗೆ ಬಂದೆ. ಎಮರ್ಜೆನ್ಸಿ ಅಂದ್ರೆ ಏನನ್ಕೊಂಡ್ರಿ? ನಮ್ಮನೆ ಬಚ್ಚಲಿಗಿಂತ ಒಂದ್ ಗೇಣು ದೊಡ್ಡದು. ಬಾಗ್ಲಿಗೆ ಮೆಟ್ಲು. ಮೆಟ್ಲು ಹತ್ತಿದ್ಮೇಲೆ ವೀಲ್‌ಚೇರು. ಹತ್ತಕ್ಕಾಗೋರಿಗೆ ವೀಲ್‌ಚೇರ್ ಯಾಕೆ ಗುರು? ಜೊತೇಲಿ ಬಂದೋರು ಕೂರಕ್ಕೆ ಹೊರಗೊಂದು ಬೆಂಚೂ ಇಲ್ಲ.

ಡಾಕ್ಟ್ರು ಈಸೀಜಿ ತೆಗೀಬೇಕು, ಮಲ್ಕೊಳಿ ಅಂದ್ರು. ಅಜ್ಜಿ ಮಂಚ ನೋಡಿದ್ರು, ಕಿಟಕಿ ನೋಡಿದ್ರು, ಬಿಸಿಲು ಯಾವ ಕಡೆಯಿಂದ ಬೀಳ್ತಿದೆ ಅಂತ ನೋಡಿದ್ರು. ಎದೆನೋವಲ್ಲೂ ದಿಕ್ಕಿನ ಲೆಕ್ಕ.

"ಉತ್ತರಕ್ಕೆ ತಲೆ ಹಾಕ್ಕೊಂಡ್ ನಾನ್ ಮಲ್ಕೊಳಲ್ಲ."

ಆಸ್ಪತ್ರೇಲಿ ದಿಕ್ಕು ಗಿಕ್ಕು ನೋಡಲ್ಲಮ್ಮ ಅಂದ್ರು ಡಾಕ್ಟ್ರು. ಅಜ್ಜಿ ಸ್ಟೂಲ್ ಮೇಲೆ ಕೂತೇಬಿಟ್ರು. ಹಣೆ ತುಂಬಾ ಬೆವರು. ನನ್ನ ಶರ್ಟ್ ತೋಳು ಬಿಗಿಯಾಗಿ ಹಿಡ್ಕೊಂಡಿದ್ರು. ನಂಗೆ ಭಯ ಆದಷ್ಟೂ ಬಾಯಿ ಜಾಸ್ತಿ. ಈ ರೂಮ್ ಕಟ್ಟಿದೋನು ಒಂದ್ಸಲ ಆದ್ರೂ ಇಲ್ಲಿ ಮಲಗಿ ನೋಡಿದಾನಾ, ಇಲ್ಲಿಗೆ ಬರೋರೆಲ್ಲ ಚಾಮರಾಜಪೇಟೆ, ಬಸವನಗುಡಿ ಅಜ್ಜೀರು, ಯಾರಾದ್ರೂ ಉತ್ತರಕ್ಕೆ ಮಂಚ ಹಾಕ್ತಾರಾ ಅಂತ ಡಾಕ್ಟ್ರಿಗೇ ಲೆಕ್ಚರ್ ಕೊಟ್ಟು, ತಿರುಗಿಸ್ಬಿಡೋಣ ಅಂದೆ.

ಡಾಕ್ಟ್ರು ಸಾಕಾಗಿ ಹೂಂ ಅಂದ್ರು. ನಾನು, ನರ್ಸು, ಆಯಾ ಸೇರಿ ತಳ್ಳಿದ್ವಿ. ಮಂಚ ತಿರುಗೋವಷ್ಟು ಅಗಲ ಆ ರೂಮಿಗೆಲ್ಲಿದೆ? ಅರ್ಧ ತಿರುಗಿ ಬಾಗ್ಲಲ್ಲೇ ಸಿಕ್ಕಾಕೊಂಡ್ತು. ಆ ಕಡೆ ಬಳೇಪೇಟೆ ಅಂಗಡಿಯವ್ರೊಬ್ರು, ಬೆರಳು ಕುಯ್ಕೊಂಡು ಕರ್ಚೀಫ್ ಸುತ್ಕೊಂಡು ಬಂದಿದ್ದೋರು, ಒಳಗೆ ಬರಕ್ಕಾಗದೆ ನಿಂತಲ್ಲೇ ಲಾರಿ ರಿವರ್ಸ್ ತೆಗೆಸೋ ಹಂಗೆ ಶುರು ಮಾಡಿದ್ರು. "ಬರ್ಲಿ, ಬರ್ಲಿ, ಸ್ವಲ್ಪ ಲೆಫ್ಟು."

"ಎಲ್ಲಿ ಬರ್ಲಿ ಸ್ವಾಮಿ, ನಿಮ್ ಹೊಟ್ಟೆ ಅಡ್ಡ ಇದೆ," ಅಂದ್ರು ನರ್ಸು.

ಆಗ ಅಮ್ಮ ಬಂದ್ಲು. ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಬಾಗ್ಲಲ್ಲಿರೋ ಮಂಚ ನೋಡಿದ್ಲು, ಸ್ಟೂಲ್ ಮೇಲಿರೋ ಅತ್ತೇನ ನೋಡಿದ್ಲು. ಎಲ್ರೂ ಒಟ್ಟಿಗೆ ವರದಿ ಒಪ್ಪಿಸಿದ್ವಿ. ಮಂಚ ಮೊದ್ಲಿದ್ದಲ್ಲಿಗೇ ತಳ್ಳಿ ಅಂದ್ಲು. ತಳ್ಳಿದ್ವಿ. ಒಳಗೆ ಬಂದು ದಿಂಬು ತೆಗೆದು, ಕಾಲು ಚಾಚೋ ಕಡೆ ಇಟ್ಲು.

"ಅತ್ತೆ, ತಲೆ ಈ ಕಡೆ ಹಾಕ್ಕೊಳಿ."

ಅಜ್ಜಿ ಮಲ್ಕೊಂಡ್ರು. ಈಸೀಜಿ ಕಾಗದ ಕಿರ್ರಂತ ಬಂತು. ಡಾಕ್ಟ್ರು ಅದನ್ನ ಉದ್ದಕ್ಕೂ ನೋಡಿ, ಹಾರ್ಟಿಗೇನೂ ಆಗಿಲ್ಲ, ಗ್ಯಾಸು ಅಂದ್ರು. ಉಪ್ಪಿಟ್ಟಿನ ಬಗ್ಗೆ ಒಂದ್ ಮಾತು ಹೇಳೋಣ ಅಂತ ನಾನು ಬಾಯಿ ತೆಗೆದೆ.

"ನೀನ್ ಹೋಗಿ ಹೊರಗೆ ಕೂತ್ಕೋ," ಅಂದ್ಲು ಅಮ್ಮ.

ಹೊರಗೆ ಬೆಂಚಿಲ್ಲ ಅಂತ ನಿಮಗಾಗ್ಲೇ ಹೇಳಿದೀನಿ. ಅವಳಿಗೆ ಹೇಳಕ್ಕೆ ಹೋಗ್ಲಿಲ್ಲ.