ಎಡಗಡೆಯ ಗಾಯ

ಇಪ್ಪತ್ತು ವರ್ಷ ಊರ ಹೆಂಗಸರ ಅಳತೆ ತೆಗೆದು ಬಟ್ಟೆ ಹೊಲಿದ ಮೇಲೆ, ಮನೆಯವರು ಗಂಡೆಂದು ಬೆಳೆಸಿದ್ದ ಆ ಟೈಲರಮ್ಮ ತನಗೂ ಎದೆ ಬರಲೆಂದು ಆಪರೇಷನ್ ಮಾಡಿಸಿಕೊಂಡಳು. ಹತ್ತನೆಯ ದಿನ ಮೈ ಕೆಂಡವಾಯಿತು, ಎಡಗಡೆ ಕೀವಾಗಿತ್ತು. ಡಾಕ್ಟರು ಆ ಕಡೆಯ ಸಿಲಿಕಾನ್ ಚೀಲ ತೆಗೆದು, ಮತ್ತೆ ಹಾಕಲು ಆರು ತಿಂಗಳು ಬೇಕೆಂದರು.

ಮನೆಯಿಂದ ನೋಡಲು ಬಂದವಳು ತಂಗಿ ಒಬ್ಬಳೇ. ಕೈ ಎತ್ತಲಾಗದವಳಿಗೆ ಜಡೆ ಹೆಣೆಯುತ್ತಾ ಮೆತ್ತಗೆ ಹೇಳಿದಳು: "ಅಣ್ಣಾ, ಇನ್ನೊಂದನ್ನೂ ತೆಗೆಸಿಬಿಡು. ಅಮ್ಮ ಮನೆಗೆ ಸೇರಿಸ್ಕೋತಾಳಂತೆ."

ಮನೆಯಿಂದ ಹೊರಬಿದ್ದಾಗಿನಿಂದ ಹನ್ನೊಂದು ವರ್ಷ ಕಾದಿದ್ದ ಕರೆ. ಅವಳು ತಂಗಿಯ ಕಡೆ ತಿರುಗಿದಳು.

"ಆರು ತಿಂಗಳಾದ್ಮೇಲೆ ಎಡಗಡೇನೂ ಹಾಕಿಸ್ಕೋತೀನಿ. ಅಮ್ಮಂಗೆ ಹಾಗೇ ಹೇಳಮ್ಮಾ."

ತಂಗಿ ಕಣ್ಣೊರೆಸಿಕೊಂಡು ಎದ್ದು ಹೋದಳು. ಅರ್ಧ ಹೆಣೆದ ಜಡೆಯಲ್ಲೇ ಟೈಲರಮ್ಮ ಸಂಜೆಯವರೆಗೂ ಗೋಡೆಗೊರಗಿ ಕೂತಿದ್ದಳು.