ಸಾರಿನ ಮೇಲೊಂದು ಲೇಖನ

ದಾವಣಗೆರೆಯಲ್ಲಿ ಕಾಲೇಜು ಓದುವಾಗ ನಾನು ಹರಿಹರದಿಂದ ಬಂದು ಹಾಸ್ಟೆಲ್ ಸೇರಿದ್ದೆ. ಐದಕ್ಕೆ ಗಂಟೆ, ಆರಕ್ಕೆ ಪ್ರಾರ್ಥನೆ, ಒಂಬತ್ತಕ್ಕೆ ಊಟ. ಆ ಶಿಸ್ತು ನನಗೆ ಹಿಡಿಸಿತ್ತು. ಅದಕ್ಕೇ ಏನೋ, ಊಟದ ಮನೆಯ ಗೋಡೆಗೆ ಅಂಟಿಸುವ ಕೈಬರಹದ ಪತ್ರಿಕೆಗೆ ವಾರ್ಡನ್ ನನ್ನನ್ನೇ ಸಂಪಾದಕನನ್ನಾಗಿ ಮಾಡಿದರು. ನಿರ್ಭಯವಾಗಿ ಬರೆ, ಸತ್ಯದ ಬೆನ್ನಿಗೆ ನಾನಿದ್ದೇನೆ ಎಂದರು.

ಮೊದಲ ಸಂಚಿಕೆಯಲ್ಲೇ ಸಾರಿನ ಬಗ್ಗೆ ಬರೆದೆ. ತಟ್ಟೆಯ ತಳದಲ್ಲಿ ಕೊರೆಸಿದ ನಮ್ಮ ಹೆಸರುಗಳನ್ನು ಸಾರು ಬಡಿಸಿದ ಮೇಲೂ ಸಲೀಸಾಗಿ ಓದಬಹುದು ಎಂದು. ಎಲ್ಲರೂ ನಕ್ಕರು. ಮಲೆಬೆನ್ನೂರು ಕಡೆಯ ನಮ್ಮ ಅಡುಗೆಯವರಿಗೆ ಓದು ಬಾರದು. ನಗುವಿನ ಕಾರಣ ಕೇಳಿ ತಿಳಿದು, ಸೌಟು ಕೆಳಗಿಟ್ಟು, ಬಾಗಿಲಲ್ಲಿ ಕೂತುಬಿಟ್ಟರು. ಇಷ್ಟು ವರ್ಷ ಅನ್ನ ಹಾಕಿದವನ ಮರ್ಯಾದೆ ಗೋಡೆಗೆ ನೇತುಹಾಕಿದ್ದೀರಿ, ಅದನ್ನು ಕೀಳುವ ತನಕ ಬಡಿಸುವುದಿಲ್ಲ ಎಂದರು. ವಾರ್ಡನ್ ಕೀಳಿಸಲಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಮೇಲೆ ಕಾಲು ಗಂಟೆ ಮಾತಾಡಿದರು. ಅನ್ನ ಆರಿತು.

ಕೊನೆಗೆ ಅಡುಗೆಯವರು ನನ್ನ ಬಾಯಿಂದಲೇ ಅದನ್ನು ಓದಿಸಿದರು. ನನ್ನ ದನಿ ಸಾರಿಗಿಂತ ತೆಳ್ಳಗಾಗಿತ್ತು.

"ಬರ್ದಿದ್ದು ನಿಜಾನೇ ಐತೆ ತಮ್ಮಾ," ಎಂದು ಸೌಟು ಎತ್ತಿಕೊಂಡರು. "ಅರವತ್ತು ಮಂದಿಗೆ ವಾರ್ಡನ್ ಸಾಹೇಬ್ರು ಎಷ್ಟು ಬ್ಯಾಳೆ ಅಳ್ದು ಕೊಡ್ತಾರೆ ಅಂತ ಯಾಕ ಬರೀಲಿಲ್ಲ?"

ವಿಚಾರಿಸಿಯೇ ಇರಲಿಲ್ಲ. ಮುಂದಿನ ಸಂಚಿಕೆಯಲ್ಲಿ ಬರೆದೆ: ಒಂದೂವರೆ ಸೇರು.

ಈ ಸಲ ಭಾಷಣವಿರಲಿಲ್ಲ. ವಾರ್ಡನ್ ಎರಡು ಸಲ ಓದಿದರು. ಸ್ವಾತಂತ್ರ್ಯಕ್ಕೂ ಒಂದು ಮೇರೆ ಇದೆ ಎಂದರು. ಆಮೇಲೆ, ಗೋಡೆಗೆ ಸುಣ್ಣ ಹೊಡೆಸಬೇಕು, ಪತ್ರಿಕೆ ತೆಗೆ ಎಂದರು. ಹಿಂದಿನ ತಿಂಗಳಷ್ಟೇ ಹೊಡೆಸಿದ ಸುಣ್ಣ ಇನ್ನೂ ಮುಟ್ಟಿದರೆ ಕೈಗೆ ಹತ್ತುತ್ತಿತ್ತು.

ಹಾಳೆ ಸುತ್ತಿಕೊಂಡು ಹೊರಟಾಗ ಅಡುಗೆಯವರು ಕೈಚಾಚಿ ಇಸಿದುಕೊಂಡರು. ಅವರು ಸ್ನಾನ ಮಾಡಿ ಒಲೆ ಹಚ್ಚಿದ ಮೇಲೆ ಅಡುಗೆಮನೆಯ ಹೊಸಿಲನ್ನು ವಾರ್ಡನ್ ಸಹಿತ ಯಾರೂ ದಾಟುವಂತಿರಲಿಲ್ಲ. ಅಲ್ಲಿ ಒಲೆಯ ಪಕ್ಕದ ಗೋಡೆಗೆ ಗಂಜಿ ಹಚ್ಚಿ ಅಂಟಿಸಿಕೊಂಡರು. ಹೀಗೆ ನಮ್ಮ ಪತ್ರಿಕೆ ಯಾರ ಕೈಗೂ ಸಿಗದಷ್ಟು ಸುರಕ್ಷಿತವಾಯಿತು. ಓದುಗರಾಗಿ ಉಳಿದವರು ಒಬ್ಬರೇ, ಅವರಿಗೆ ಅಕ್ಷರ ಬಾರದು.

ಮುಖ್ಯವಾದ ಸಾಲು ಮಾತ್ರ ಅವರಿಗೆ ಬಾಯಿಪಾಠವಾಗಿತ್ತು. ವಾರ್ಡನ್ ಪಂಕ್ತಿಯಲ್ಲಿ ಕೂತ ದಿನ ಅವರ ತಟ್ಟೆಯ ಮುಂದೆ ಸೌಟು ಹಿಡಿದು ನಿಂತು, ಎಲ್ಲರಿಗೂ ಕೇಳುವಂತೆ, ಬಹಳ ವಿನಯದಿಂದ ಕೇಳುತ್ತಿದ್ದರು:

"ಒಂದೂವರೆ ಸೇರಿಂದು ಸಾರು. ಹಾಕ್ಲೇನ್ರಿ?"

ಬೇಳೆ ಹೆಚ್ಚಾಗಲಿಲ್ಲ. ವಾರ್ಡನ್ ಮಾತ್ರ ಬರಿ ಮಜ್ಜಿಗೆ ಅನ್ನ ಉಣ್ಣತೊಡಗಿದರು.